ಜರ್ಮನ್ ನಿಯಮಿತ ಕ್ರಿಯಾಪದಗಳು: ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಜರ್ಮನ್ ಕಲಿಯೋಕೆ ಕೂತ ಕನ್ನಡಿಗರಿಗೆ ಮೊದಲ ವಾರದಲ್ಲೇ ಒಂದು ಪಟ್ಟಿ ಸಿಗುತ್ತದೆ. ಇಶ್, ಡೂ, ಏರ್ (ನಾನು, ನೀನು, ಅವನು) ಅಂತ ಒಂದು ಕಡೆ, ಅದರ ಎದುರಿಗೆ ಕ್ರಿಯಾಪದದ ರೂಪಗಳು. ಆ ಪಟ್ಟಿಯನ್ನು ಹೆಚ್ಚಾಗಿ ಇಂಗ್ಲಿಷ್ ಮೂಲಕ ವಿವರಿಸುತ್ತಾರೆ. ಅಲ್ಲೇ ತೊಂದರೆ ಶುರು. ಇಂಗ್ಲಿಷ್ ಕ್ರಿಯಾಪದ ಬಹುಮಟ್ಟಿಗೆ ಬದಲಾಗುವುದೇ ಇಲ್ಲ. ಕನ್ನಡದ್ದು ಮಾತ್ರ ಹೆಜ್ಜೆ ಹೆಜ್ಜೆಗೂ ಬದಲಾಗುತ್ತದೆ. ಜರ್ಮನ್ ಈ ವಿಷಯದಲ್ಲಿ ನಮ್ಮ ಕಡೆಯದು. ಅದಕ್ಕೇ ಇಲ್ಲಿ ಇಂಗ್ಲಿಷನ್ನು ಬದಿಗಿಟ್ಟು, ಕನ್ನಡದಿಂದ ನೇರವಾಗಿ ಜರ್ಮನ್‌ಗೆ ಹೋಗುವಂತೆ ಉತ್ತರ ಬರೆದಿದ್ದೇನೆ.

ಉಚ್ಚಾರದ ಬಗ್ಗೆ ಒಂದು ಮಾತು. ಜರ್ಮನ್ ಪದಗಳನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. "ಇಶ್" ಎಂದು ಬರೆದ ಕಡೆ ಕೊನೆಯ ಸದ್ದು ಶ ಮತ್ತು ಹ ಎರಡರ ನಡುವಿನದು. "ಜ಼" ಇರುವ ಕಡೆ ಜೇನುನೊಣದ ಝೇಂಕಾರದಂಥ ಸದ್ದು. ಸರಿಯಾದ ಸದ್ದನ್ನು ಒಮ್ಮೆ ಕಿವಿಯಾರೆ ಕೇಳಿಕೊಳ್ಳಿ.

ಕ್ರಿಯಾಪದದ ರೂಪ ಬದಲಿಸುವುದು ಅಷ್ಟು ಕಷ್ಟವಾ?

ನೀವು ದಿನಾ ಅದಕ್ಕಿಂತ ಕಷ್ಟದ ಕೆಲಸ ಮಾಡುತ್ತಿದ್ದೀರಿ. "ಮಾಡು" ಎಂಬ ಪದವನ್ನೇ ತಗೊಳ್ಳಿ. ಮಾಡುತ್ತೇನೆ, ಮಾಡುತ್ತೇವೆ, ಮಾಡುತ್ತೀಯ, ಮಾಡುತ್ತೀರಿ, ಮಾಡುತ್ತಾನೆ, ಮಾಡುತ್ತಾಳೆ, ಮಾಡುತ್ತದೆ, ಮಾಡುತ್ತಾರೆ, ಮಾಡುತ್ತವೆ. ಒಟ್ಟು ಒಂಬತ್ತು ರೂಪ. ಗಂಡು, ಹೆಣ್ಣು, ವಸ್ತು ಎಂದು ಬೇರೆ ಬೇರೆ. ಜರ್ಮನ್‌ನ ನಿಯಮಿತ ಕ್ರಿಯಾಪದಕ್ಕೆ ವರ್ತಮಾನದಲ್ಲಿ ಇರುವುದು ನಾಲ್ಕೇ ಕೊನೆಗಳು: ಎ, ಸ್ಟ್, ಟ್, ಎನ್. ಅವನು, ಅವಳು, ಅದು ಮೂರಕ್ಕೂ ಒಂದೇ ರೂಪ.

1853ರಲ್ಲಿ ಜರ್ಮನಿಯಿಂದ ನಮ್ಮ ಕಡೆಗೆ ಬಂದ ಫರ್ಡಿನಾಂಡ್ ಕಿಟೆಲ್ ಅವರನ್ನು ನೆನೆಯಿರಿ. ನಾಲ್ಕು ಕೊನೆಗಳ ಭಾಷೆಯಿಂದ ಬಂದವರು ಒಂಬತ್ತು ಕೊನೆಗಳ ಭಾಷೆಯನ್ನು ಕಲಿತು, 1894ರಲ್ಲಿ ಅದಕ್ಕೊಂದು ದೊಡ್ಡ ನಿಘಂಟನ್ನೇ ಕೊಟ್ಟರು. ನಮ್ಮ ದಾರಿ ಅವರದ್ದಕ್ಕಿಂತ ಸಲೀಸು.

ನಿಯಮಿತ ಕ್ರಿಯಾಪದ ಅಂದ್ರೆ ಯಾವುದು?

ಬುಡ ಬದಲಾಗದೆ, ಬಾಲ ಮಾತ್ರ ಬದಲಾಗುವಂಥದ್ದು. ಕನ್ನಡದಲ್ಲೂ ಈ ವ್ಯತ್ಯಾಸ ಇದೆ. ಮಾಡು–ಮಾಡಿದೆ, ಹಾಡು–ಹಾಡಿದೆ, ಓದು–ಓದಿದೆ: ಇಲ್ಲಿ ಬುಡ ಹಾಗೇ ಇದೆ. ಬರು–ಬಂದೆ, ಬೀಳು–ಬಿದ್ದೆ, ತಿನ್ನು–ತಿಂದೆ: ಇಲ್ಲಿ ಬುಡವೇ ಅಲುಗಾಡಿತು. ಜರ್ಮನ್‌ನಲ್ಲಿ ಲೆರ್ನೆನ್ (ಕಲಿ), ಮಖೆನ್ (ಮಾಡು), ವೋನೆನ್ (ವಾಸಿಸು), ಕೌಫೆನ್ (ಕೊಳ್ಳು), ಫ್ರಾಗೆನ್ (ಕೇಳು, ಪ್ರಶ್ನಿಸು), ಶ್ಪೀಲೆನ್ (ಆಡು) ಮೊದಲ ಗುಂಪಿಗೆ ಸೇರಿದವು. ಭಾಷೆಯ ಹೆಚ್ಚಿನ ಕ್ರಿಯಾಪದಗಳು ಇದೇ ಗುಂಪಿನವು.

ಜರ್ಮನ್ ವ್ಯಾಕರಣದಲ್ಲಿ ಇವುಗಳಿಗೆ "ದುರ್ಬಲ" ಕ್ರಿಯಾಪದಗಳು ಎಂಬ ಹೆಸರೂ ಇದೆ. ಆ ಹೆಸರು ಕೊಟ್ಟವರು ಯಾಕೋಬ್ ಗ್ರಿಮ್. ತಮ್ಮ ವಿಲ್‌ಹೆಲ್ಮ್ ಜೊತೆ ಸೇರಿ ಜನಪದ ಕಥೆಗಳನ್ನು ಸಂಗ್ರಹಿಸಿದ ಅದೇ ಗ್ರಿಮ್. ಒಳಗಿನ ಸ್ವರವನ್ನು ತಾನೇ ಬದಲಿಸಿಕೊಳ್ಳಬಲ್ಲ ಪದ ಪ್ರಬಲ, ಹೊರಗಿಂದ ಬಾಲ ಅಂಟಿಸಿಕೊಂಡೇ ನಡೆಯುವ ಪದ ದುರ್ಬಲ ಎಂಬುದು ಅವರ ಲೆಕ್ಕ. ಹೆಸರು ದುರ್ಬಲ ಅಂತಿದ್ದರೂ ಇಂದಿನ ಜರ್ಮನ್‌ನಲ್ಲಿ ಬೆಳೆಯುತ್ತಿರುವ ಗುಂಪು ಇದೇ.

ಸರಿ, ರೂಪಗಳನ್ನು ಒಮ್ಮೆ ತೋರಿಸಿ.

ನಿಘಂಟಿನಲ್ಲಿ ಸಿಗುವ ರೂಪ ಲೆರ್ನೆನ್. ಕೊನೆಯ "ಎನ್" ತೆಗೆಯಿರಿ. ಉಳಿದ "ಲೆರ್ನ್" ಬುಡ. ಅದಕ್ಕೆ ಬಾಲ ಸೇರಿಸಿ:

ಇಶ್ ಲೆರ್ನೆ – ನಾನು ಕಲಿಯುತ್ತೇನೆ
ಡೂ ಲೆರ್ನ್‌ಸ್ಟ್ – ನೀನು ಕಲಿಯುತ್ತೀಯ
ಏರ್ / ಜ಼ೀ / ಎಸ್ ಲೆರ್ನ್‌ಟ್ – ಅವನು, ಅವಳು, ಅದು
ವೀರ್ ಲೆರ್ನೆನ್ – ನಾವು ಕಲಿಯುತ್ತೇವೆ
ಈರ್ ಲೆರ್ನ್‌ಟ್ – ನೀವೆಲ್ಲ (ಆಪ್ತರು) ಕಲಿಯುತ್ತೀರಿ
ಜ಼ೀ ಲೆರ್ನೆನ್ – ಅವರು ಕಲಿಯುತ್ತಾರೆ. ನೀವು (ಗೌರವದಿಂದ) ಕಲಿಯುತ್ತೀರಿ

ಇಷ್ಟೇ. ಲೆರ್ನ್ ತೆಗೆದು ಮಖ್ ಹಾಕಿ, ವೋನ್ ಹಾಕಿ, ಕೌಫ್ ಹಾಕಿ. ಬಾಲ ಇದೇ. ನನ್ನ ಅನುಭವದಲ್ಲಿ, ಇದನ್ನು ಕಣ್ಣಿನಿಂದ ಓದಿದವರು ಮರೆಯುತ್ತಾರೆ. ಮಗ್ಗಿ ಹೇಳಿದ ಹಾಗೆ ಗಟ್ಟಿಯಾಗಿ ಹೇಳಿದವರು ಮರೆಯುವುದಿಲ್ಲ. ದಿನಕ್ಕೆ ಎರಡೇ ಕ್ರಿಯಾಪದ ಸಾಕು, ಬಾಯಿ ತುಂಬ ಹೇಳಿ.

ಒಂದು ಎಚ್ಚರಿಕೆ. ಫ್ರಾಗೆನ್ ಎನ್ನುವಾಗ ಇರುವ "ಗ" ಸದ್ದು, ಮುಂದೆ ಟ್ ಬಂದಾಗ "ಕ" ಆಗಿಬಿಡುತ್ತದೆ: ಏರ್ ಫ್ರಾಕ್ಟ್. ಲೀಬೆನ್ (ಪ್ರೀತಿಸು) ಕೂಡ ಹಾಗೇ: ಏರ್ ಲೀಪ್ಟ್. ಬರವಣಿಗೆಯಲ್ಲಿ ಬುಡ ಬದಲಾಗುವುದಿಲ್ಲ, ಬಾಯಲ್ಲಿ ಮಾತ್ರ.

ಕನ್ನಡದಲ್ಲಿ "ಕಲಿಯುತ್ತೇನೆ" ಅಂದರೆ ಸಾಕು, "ನಾನು" ಬೇಡ. ಜರ್ಮನ್‌ನಲ್ಲೂ ಬಿಡಬಹುದಾ?

ಬಿಡಬಾರದು. ನಮ್ಮ ಕ್ರಿಯಾಪದದ ಕೊನೆಯೇ ಯಾರು ಅಂತ ಹೇಳಿಬಿಡುತ್ತದೆ. ಜರ್ಮನ್‌ನಲ್ಲಿ ಬರೀ "ಲೆರ್ನೆನ್" ಅಂದರೆ ನಾವೋ ಅವರೋ ಗೊತ್ತಾಗಲ್ಲ. "ಲೆರ್ನ್‌ಟ್" ಅಂದರೆ ಅವನೋ, ಅವಳೋ, ನೀವೆಲ್ಲರೋ ಗೊತ್ತಾಗಲ್ಲ. ಕೊನೆಗಳು ಕಡಿಮೆ ಇರುವುದರಿಂದ ಸರ್ವನಾಮ ಬೇಕೇ ಬೇಕು. ಗೆಳೆಯರಿಗೆ ಮೆಸೇಜ್ ಹಾಕುವಾಗ "ಇಶ್" ಬಿಡುವವರಿದ್ದಾರೆ. ಪರೀಕ್ಷೆಯಲ್ಲಿ ಬಿಟ್ಟರೆ ತಪ್ಪು.

ಡೂ, ಈರ್, ಜ಼ೀ: ಯಾರಿಗೆ ಯಾವುದು?

ಡೂ ಅಂದರೆ ನೀನು. ಗೌರವದ ಜ಼ೀ ಅಂದರೆ ನೀವು. ಇಲ್ಲಿಯವರೆಗೆ ನಮಗೆ ಮನೆಯಲ್ಲಿದ್ದಷ್ಟೇ ಸುಲಭ. ಗೊಂದಲ ಬರುವುದು ಈರ್‌ನಲ್ಲಿ. ಕನ್ನಡದ "ನೀವು" ಎರಡು ಕೆಲಸ ಮಾಡುತ್ತದೆ: ಒಬ್ಬ ಹಿರಿಯರಿಗೂ ನೀವು, ನಾಲ್ಕು ಜನ ಗೆಳೆಯರಿಗೂ ನೀವು. ಜರ್ಮನ್ ಈ ಎರಡನ್ನು ಬೇರೆ ಮಾಡುತ್ತದೆ. ಡೂ ಅನ್ನುವಷ್ಟು ಸಲಿಗೆಯವರು ಒಬ್ಬರಿಗಿಂತ ಜಾಸ್ತಿ ಇದ್ದರೆ ಈರ್. ದೂರದವರು ಒಬ್ಬರಿರಲಿ, ಹತ್ತು ಜನರಿರಲಿ, ಜ಼ೀ. ಆ ಜ಼ೀಗೆ "ಅವರು" ರೂಪವೇ ಬರುತ್ತದೆ: ವೋ ವೋನೆನ್ ಜ಼ೀ? – ನೀವು ಎಲ್ಲಿ ವಾಸವಾಗಿದ್ದೀರಿ?

ಸಲಿಗೆಯ ಗಡಿ ಮಾತ್ರ ನಮ್ಮದರ ಹಾಗಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಅಪ್ಪನಿಗೆ, ಅಜ್ಜಿಗೆ ನೀವು ಅನ್ನುತ್ತೇವೆ. ಜರ್ಮನ್ ಮಕ್ಕಳು ಅಪ್ಪ, ಅಜ್ಜಿ ಎಲ್ಲರಿಗೂ ಡೂ ಅನ್ನುತ್ತಾರೆ. ಅದರಲ್ಲಿ ಅಗೌರವ ಇಲ್ಲ. ದೇವರಿಗೂ ಡೂ. ನಾವು ದೇವರನ್ನು ನೀನು ಅಂತ ಕರೆಯುವುದಿಲ್ಲವೇ, ಹಾಗೆ. ಆದರೆ ಅಂಗಡಿಯವರು, ಡಾಕ್ಟರು, ಸರ್ಕಾರಿ ಕಚೇರಿಯವರು, ಪರಿಚಯವಿಲ್ಲದ ದೊಡ್ಡವರು: ಇವರಿಗೆಲ್ಲ ಜ಼ೀ. ಅನುಮಾನ ಬಂದರೆ ಜ಼ೀ ಹೇಳಿ. ಅವರಾಗೇ ಡೂ ಅನ್ನಿ ಎಂದಾಗ ಬದಲಾಯಿಸಿ.

ಇನ್ನೊಂದು ತಪ್ಪು ಕನ್ನಡಿಗರಲ್ಲಿ ಬಹಳ ಸಹಜ. "ಮೇಷ್ಟ್ರು ಕೇಳುತ್ತಾರೆ" ಎನ್ನುವ ಅಭ್ಯಾಸದಿಂದ "ಡೇರ್ ಲೇರರ್ ಫ್ರಾಗೆನ್" ಎಂದು ಬಹುವಚನ ಹಾಕುತ್ತಾರೆ. ಮನಸ್ಸಿನಲ್ಲಿರುವ ಮರ್ಯಾದೆ ನಿಜವಾದದ್ದೇ. ಆದರೆ ಮೂರನೆಯವರ ಬಗ್ಗೆ ಮಾತಾಡುವಾಗ ಜರ್ಮನ್‌ನಲ್ಲಿ ಒಬ್ಬರು ಅಂದರೆ ಏಕವಚನವೇ: ಡೇರ್ ಲೇರರ್ ಫ್ರಾಕ್ಟ್.

"ಡೂ ಅರ್ಬೈಟೆಸ್ಟ್" ಅನ್ನುವಾಗ ಮಧ್ಯೆ "ಎ" ಎಲ್ಲಿಂದ ಬಂತು?

ಅರ್ಬೈಟೆನ್ (ಕೆಲಸ ಮಾಡು) ಪದದ ಬುಡ "ಅರ್ಬೈಟ್". ಅದು ಟ್‌ನಲ್ಲೇ ಮುಗಿಯುತ್ತದೆ. ಅದರ ಮೇಲೆ ಇನ್ನೊಂದು ಟ್ ಅಥವಾ ಸ್ಟ್ ಹೇಳಿ ನೋಡಿ, ನಾಲಿಗೆ ತಡವರಿಸುತ್ತದೆ. ಹಾಗಾಗಿ ನಡುವೆ ಒಂದು "ಎ": ಡೂ ಅರ್ಬೈಟೆಸ್ಟ್, ಏರ್ ಅರ್ಬೈಟೆಟ್, ಈರ್ ಅರ್ಬೈಟೆಟ್. ಬುಡ ಟ್ ಅಥವಾ ಡ್‌ನಲ್ಲಿ ಮುಗಿದರೆ ಇದೇ ಕ್ರಮ. ವರ್ಟೆನ್ (ಕಾಯು): ಏರ್ ವರ್ಟೆಟ್. ರೇಡೆನ್ (ಮಾತಾಡು): ಡೂ ರೇಡೆಸ್ಟ್.

ಬುಡದ ಕೊನೆಗೆ ಮ್ ಅಥವಾ ನ್ ಇದ್ದು, ಅದರ ಹಿಂದೆ ಇನ್ನೊಂದು ವ್ಯಂಜನ ಒತ್ತಿಕೊಂಡಿದ್ದರೂ ಹೀಗೇ. ರೇಗ್ನೆನ್ (ಮಳೆ ಬರು): ಎಸ್ ರೇಗ್ನೆಟ್. ಒಫ್ನೆನ್ (ತೆರೆ): ಡೂ ಒಫ್ನೆಸ್ಟ್. ಇಲ್ಲಿನ ಮೊದಲ ಸ್ವರಕ್ಕೆ ತುಟಿ ಗುಂಡಗೆ ಮಾಡಿ "ಎ" ಅನ್ನಬೇಕು. ಆಟ್ಮೆನ್ (ಉಸಿರಾಡು): ಏರ್ ಆಟ್ಮೆಟ್. ಈ ಕೊನೆಯ ಪದ ಕೇಳಿದಾಗಲೆಲ್ಲ ನನಗೆ ಖುಷಿ. ಉಸಿರು ಎಂಬ ಅರ್ಥದ ಜರ್ಮನ್ "ಆಟೆಮ್" ಮತ್ತು ನಾವು ಸಂಸ್ಕೃತದಿಂದ ಪಡೆದ "ಆತ್ಮ" ಒಂದೇ ಹಳೆಯ ಮೂಲದಿಂದ ಬಂದ ಪದಗಳು.

ಹಾಗಾದರೆ ಲೆರ್ನೆನ್‌ನಲ್ಲಿ ಯಾಕೆ "ಎ" ಬರಲಿಲ್ಲ ಅಂತ ಕೇಳುತ್ತೀರಿ, ಅಲ್ವಾ? ನ್ ಹಿಂದೆ ಇರುವುದು ರ್. ರ್ ಮತ್ತು ಲ್ ಮೆದು ಸದ್ದುಗಳು, ನಾಲಿಗೆಗೆ ಅಡ್ಡಿ ಮಾಡುವುದಿಲ್ಲ. ಹಾಗಾಗಿ ಲೆರ್ನ್‌ಸ್ಟ್ ಸಲೀಸಾಗಿ ಬರುತ್ತದೆ. ನಿಯಮ ಮರೆತರೂ ಪರವಾಗಿಲ್ಲ, ಬಾಯಲ್ಲಿ ಹೇಳಿ ನೋಡಿ.

"ಡೂ ರೈಸ್ಟ್" ಮತ್ತು "ಏರ್ ರೈಸ್ಟ್" ಒಂದೇ ಥರ ಇವೆಯಲ್ಲ, ಅಚ್ಚಿನ ತಪ್ಪಾ?

ಅಲ್ಲ. ರೈಜ಼ೆನ್ (ಪ್ರಯಾಣ ಮಾಡು) ಪದದ ಬುಡದಲ್ಲೇ ಸ್ ಇದೆ. ಸ್ಟ್ ಬದಲು ಬರೀ ಟ್ ಸೇರಿಸಿದರೆ ಸಾಕು. ಟನ್‌ತ್ಸೆನ್ (ಕುಣಿ) ಕೂಡ ಹಾಗೆ. ಹೆಸರು ಕೇಳುವಾಗ ಬಳಸುವ "ವೀ ಹೈಸ್ಟ್ ಡೂ?" ಕೂಡ ಹಾಗೆ. ಆದರೆ ಹೈಸೆನ್ ಭೂತಕಾಲದಲ್ಲಿ ನಿಯಮ ಬಿಟ್ಟು "ಹೀಸ್" ಆಗುತ್ತದೆ.

ಜ಼ಮೆಲ್ನ್, ವಂಡೆರ್ನ್: ಇವುಗಳ ಕೊನೆಗೆ "ಎನ್" ಇಲ್ಲವಲ್ಲ?

ಇವುಗಳಲ್ಲಿ ಬರೀ "ನ್" ತೆಗೆಯಬೇಕು. ಜ಼ಮೆಲ್ನ್ (ಸಂಗ್ರಹಿಸು): ಇಶ್ ಜ಼ಮ್ಲೆ, ಡೂ ಜ಼ಮೆಲ್‌ಸ್ಟ್, ವೀರ್ ಜ಼ಮೆಲ್ನ್. "ಇಶ್" ಜೊತೆ ಮಧ್ಯದ ಎ ಜಾರಿಹೋಗುವುದನ್ನು ಗಮನಿಸಿ. ವಂಡೆರ್ನ್ (ಚಾರಣ ಹೋಗು): ಇಶ್ ವಂಡೆರೆ, ಡೂ ವಂಡೆರ್‌ಸ್ಟ್, ವೀರ್ ವಂಡೆರ್ನ್.

"ಕಲಿಯುತ್ತೇನೆ", "ಕಲಿಯುತ್ತಿದ್ದೇನೆ", "ಮುಂದೆ ಕಲಿಯುತ್ತೇನೆ": ಮೂರಕ್ಕೂ ಬೇರೆ ರೂಪ ಇದೆಯಾ?

ಮೂರಕ್ಕೂ "ಇಶ್ ಲೆರ್ನೆ" ಸಾಕು. ಈಗ ನಡೆಯುತ್ತಿದೆ ಎಂದು ಒತ್ತಿ ಹೇಳಬೇಕಾದರೆ "ಗೆರಾಡೆ" (ಈಗಷ್ಟೇ, ಇದೇ ಹೊತ್ತಲ್ಲಿ) ಸೇರಿಸಿ: ಇಶ್ ಲೆರ್ನೆ ಗೆರಾಡೆ. ಇಂಗ್ಲಿಷಿನಿಂದ ಬಂದವರು "ಇಶ್ ಬಿನ್ ಲೆರ್ನೆನ್" ಅಂದುಬಿಡುತ್ತಾರೆ. ಅದು ತಪ್ಪು.

ನಾಳೆಯ ವಿಷಯಕ್ಕೆ ನಾವು "ನಾಳೆ ಸೈಕಲ್ ಕೊಳ್ಳುತ್ತೇನೆ" ಅನ್ನುವುದಿಲ್ಲವೇ? ರೂಪ ವರ್ತಮಾನದ್ದು, "ನಾಳೆ" ಎಂಬ ಪದದಿಂದ ಕಾಲ ತಿಳಿಯುತ್ತದೆ. ಜರ್ಮನ್ ಹಾಗೇ: ಮೊರ್ಗೆನ್ ಕೌಫೆ ಇಶ್ ಐನ್ ಫಾರ್ರಾಡ್. "ವೆರ್ಡೆನ್" ಸೇರಿಸಿ ಮಾಡುವ ಭವಿಷ್ಯತ್ ರೂಪವೂ ಇದೆ, ಮಾತಿನಲ್ಲಿ ಇದರಷ್ಟು ಬೇಕಾಗುವುದಿಲ್ಲ.

"ಎರಡು ವರ್ಷದಿಂದ ಕಲಿಯುತ್ತಿದ್ದೇನೆ" ಎನ್ನಲೂ ವರ್ತಮಾನವೇ: ಇಶ್ ಲೆರ್ನೆ ಜ಼ೈಟ್ ತ್ಸ್ವೈ ಯಾರೆನ್ ಡಾಯ್ಚ್. ಕನ್ನಡದಲ್ಲಿ ಯೋಚಿಸಿದರೆ ಇದು ತಾನಾಗೇ ಸರಿಯಾಗಿ ಬರುತ್ತದೆ.

ಭೂತಕಾಲ ಹೇಗೆ?

ಎರಡು ಬಗೆ ಇವೆ. ಮೊದಲನೆಯದು ಪ್ರೆಟೇರಿಟುಮ್. ಬುಡಕ್ಕೆ "ಟೆ" ಸೇರಿಸಿ, ಆಮೇಲೆ ವ್ಯಕ್ತಿಯ ಗುರುತು:

ಇಶ್ ಲೆರ್ನ್‌ಟೆ, ಡೂ ಲೆರ್ನ್‌ಟೆಸ್ಟ್, ಏರ್ ಲೆರ್ನ್‌ಟೆ, ವೀರ್ ಲೆರ್ನ್‌ಟೆನ್, ಈರ್ ಲೆರ್ನ್‌ಟೆಟ್, ಜ಼ೀ ಲೆರ್ನ್‌ಟೆನ್.

"ನಾನು ಕಲಿತೆ" ಪಕ್ಕದಲ್ಲಿ "ಇಶ್ ಲೆರ್ನ್‌ಟೆ" ಇಟ್ಟು ನೋಡಿ. ಕಲಿತೆ, ಮರೆತೆ, ಅರಿತೆ ಎಲ್ಲದರ ಕೊನೆಗೂ "ತೆ". ಎರಡು ಭಾಷೆಗಳಿಗೂ ಇದರಲ್ಲಿ ಯಾವ ನಂಟೂ ಇಲ್ಲ, ಸುಮ್ನೆ ಹೊಂದಿಕೊಂಡಿದೆ. ಆದರೂ ನೆನಪಿಡಲು ಇದಕ್ಕಿಂತ ಒಳ್ಳೆಯ ಗುರುತು ಕನ್ನಡಿಗರಿಗೆ ಸಿಗದು. ಒಂದೇ ವ್ಯತ್ಯಾಸ: ಕನ್ನಡದಲ್ಲಿ ಅವನಿಗೆ "ಕಲಿತ" ಆಗುತ್ತದೆ, ಜರ್ಮನ್‌ನಲ್ಲಿ ನಾನು ಮತ್ತು ಅವನು ಇಬ್ಬರಿಗೂ ಒಂದೇ ರೂಪ. ವರ್ತಮಾನದಲ್ಲಿ ಅವನಿಗೆ ಬರುತ್ತಿದ್ದ ಟ್ ಇಲ್ಲಿ ಇಲ್ಲ. ಅರ್ಬೈಟೆನ್‌ಗೆ ಇಲ್ಲೂ ನಡುವೆ ಎ ಬೇಕು: ಇಶ್ ಅರ್ಬೈಟೆಟೆ.

ಎರಡನೆಯದು ಪೆರ್ಫೆಕ್ಟ್. "ಹಾಬೆನ್" ಎಂಬ ಸಹಾಯಕ ಕ್ರಿಯಾಪದ, ಜೊತೆಗೆ "ಗೆ" ಮುಂದೆ ಮತ್ತು "ಟ್" ಹಿಂದೆ ಅಂಟಿಸಿದ ರೂಪ: ಇಶ್ ಹಾಬೆ ಗೆಲೆರ್ನ್‌ಟ್. ಇದನ್ನು "ಕಲಿತಿದ್ದೇನೆ" ಜೊತೆ ಹೋಲಿಸಿ. ಕಲಿತು + ಇದ್ದೇನೆ. ಕಲಿತಿದ್ದೀಯ, ಕಲಿತಿದ್ದಾನೆ, ಕಲಿತಿದ್ದಾರೆ ಅನ್ನುವಾಗ "ಕಲಿತು" ಬದಲಾಗುವುದಿಲ್ಲ, "ಇರು" ಮಾತ್ರ ಬದಲಾಗುತ್ತದೆ. ಜರ್ಮನ್‌ನಲ್ಲೂ ಅಷ್ಟೇ. ಗೆಲೆರ್ನ್‌ಟ್ ಕಲ್ಲಿನ ಹಾಗೆ ಕೂತಿರುತ್ತದೆ, ಹಾಬೆನ್ ಮಾತ್ರ ಹಾಬೆ, ಹಸ್ಟ್, ಹಟ್, ಹಾಬೆನ್, ಹಾಪ್ಟ್, ಹಾಬೆನ್ ಎಂದು ತಿರುಗುತ್ತದೆ. ಈ ಆರು ರೂಪ ಬಾಯಿಗೆ ಬಂದರೆ ನಿಯಮಿತ ಕ್ರಿಯಾಪದಗಳ ಭೂತಕಾಲ ಹೆಚ್ಚುಕಡಿಮೆ ಕೈಗೆ ಬಂದಂತೆ.

ಮಾತಾಡುವಾಗ ಇವೆರಡರಲ್ಲಿ ಯಾವುದು?

ಪೆರ್ಫೆಕ್ಟ್. ನಿನ್ನೆ ಏನು ಕೊಂಡಿರಿ, ಎಲ್ಲಿ ಆಡಿದಿರಿ ಎಂದು ಹೇಳಲು ಅದೇ. ಪ್ರೆಟೇರಿಟುಮ್ ಕಥೆ, ಪತ್ರಿಕೆ ವರದಿಗಳಲ್ಲಿ ಜಾಸ್ತಿ. ದಕ್ಷಿಣ ಜರ್ಮನಿ ಮತ್ತು ಆಸ್ಟ್ರಿಯಾದ ಮಾತಿನಲ್ಲಿ ಪ್ರೆಟೇರಿಟುಮ್ ಬಲು ಅಪರೂಪ. ಸ್ವಿಟ್ಜರ್ಲೆಂಡಿನ ಆಡುನುಡಿಯಲ್ಲಂತೂ ಇಲ್ಲವೇ ಇಲ್ಲ. ಕಲಿಯುವವರು ಪೆರ್ಫೆಕ್ಟ್ ಮೊದಲು ಕಲಿಯಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೆಲವಕ್ಕೆ "ಗೆ" ಬರುವುದಿಲ್ಲವಂತೆ?

ಹೌದು. ಎರಡು ಗುಂಪುಗಳಿಗೆ ಬರುವುದಿಲ್ಲ.

ಒಂದು, "ಈರೆನ್" ಕೊನೆಯವು: ಶ್ಟುಡೀರೆನ್ (ಕಾಲೇಜು ಓದು), ಟೆಲೆಫೊನೀರೆನ್, ರೆಪರೀರೆನ್, ಫೊಟೊಗ್ರಫೀರೆನ್. ಇಶ್ ಹಾಬೆ ಶ್ಟುಡೀರ್ಟ್, ಅಷ್ಟೇ. ಹೊರಗಿನ ಪದಗಳನ್ನು ಕ್ರಿಯಾಪದ ಮಾಡಿಕೊಳ್ಳಲು ಜರ್ಮನ್ ಬಳಸುವ ಬಾಲ ಇದು. ಕನ್ನಡಕ್ಕೂ ಇಂಥದ್ದೊಂದು ಬಾಲ ಇದೆ: ಇಸು. ಪ್ರಯತ್ನಿಸು, ಪ್ರೀತಿಸು, ಪರೀಕ್ಷಿಸು. ಸಂಸ್ಕೃತದ ಪದಕ್ಕೆ ನಾವು "ಇಸು" ಹಚ್ಚಿದಂತೆ ಅವರು "ಈರೆನ್" ಹಚ್ಚಿದ್ದಾರೆ. ನಮ್ಮ "ಇಸು" ಪದಗಳು ಎಷ್ಟು ಶಿಸ್ತಾಗಿ ಪ್ರಯತ್ನಿಸಿದೆ, ಪ್ರೀತಿಸಿದೆ ಆಗುತ್ತವೋ, ಅವರ "ಈರೆನ್" ಪದಗಳೂ ಅಷ್ಟೇ ಶಿಸ್ತು.

ಎರಡು, ಬೆ, ಎರ್, ಫೆರ್, ಎಂಟ್, ತ್ಸೆರ್ ಇಂಥ ಬಿಡಿಸಲಾಗದ ಮುಂಬಾಗ ಇರುವವು. ಬೆಜ಼ೂಖೆನ್ (ಭೇಟಿ ಕೊಡು): ಬೆಜ಼ೂಖ್ಟ್. ಫೆರ್ಕೌಫೆನ್ (ಮಾರು): ಫೆರ್ಕೌಫ್ಟ್. ಬಿಡಿಸಬಹುದಾದ ಮುಂಬಾಗ ಇದ್ದರೆ "ಗೆ" ನಡುವೆ ನುಸುಳುತ್ತದೆ. ಐನ್‌ಕೌಫೆನ್ (ಸಾಮಾನು ತರಲು ಹೋಗು): ಐನ್‌ಗೆಕೌಫ್ಟ್. ಎಲ್ಲಿ ಒತ್ತು ಬೀಳುತ್ತದೆ ಕೇಳಿ. ಒತ್ತು ಮುಂಬಾಗದ ಮೇಲಿದ್ದರೆ ಅದು ಬಿಡಿಸಬಹುದಾದದ್ದು.

ಹಾಬೆನ್ ಬದಲು "ಬಿನ್" ಯಾವಾಗ?

"ಬಿನ್" ಅಂದರೆ ಜ಼ೈನ್ (ಇರು) ಕ್ರಿಯಾಪದದ "ಇಶ್" ರೂಪ, "ಜ಼ಿಂಟ್" ಅದರ "ವೀರ್" ರೂಪ. ಹೆಚ್ಚಾಗಿ, ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವ ಕ್ರಿಯೆ ಆದರೆ ಇದು ಬರುತ್ತದೆ. ಇಶ್ ಬಿನ್ ಗೆರೈಸ್ಟ್ (ಪ್ರಯಾಣ ಮಾಡಿದೆ), ವೀರ್ ಜ಼ಿಂಟ್ ಗೆವಂಡೆರ್ಟ್ (ಚಾರಣ ಮಾಡಿದೆವು). ನಿಯಮಿತ ಕ್ರಿಯಾಪದಗಳಲ್ಲಿ ಇಂಥವು ಕಡಿಮೆ.

ಕ್ರಿಯಾಪದ ವಾಕ್ಯದಲ್ಲಿ ಎಲ್ಲಿ ಕೂರಬೇಕು?

ಸಾಮಾನ್ಯ ವಾಕ್ಯದಲ್ಲಿ ಎರಡನೆಯ ಜಾಗ. ಮುಂದೆ ಏನು ಬಂದರೂ ಅದು ಕದಲುವುದಿಲ್ಲ: ಹೊಯ್ಟೆ ಲೆರ್ನೆ ಇಶ್ ಡಾಯ್ಚ್ – ಇವತ್ತು ಜರ್ಮನ್ ಕಲಿಯುತ್ತೇನೆ. ಪೆರ್ಫೆಕ್ಟ್‌ನಲ್ಲಿ ಹಾಬೆನ್ ಎರಡನೆಯ ಜಾಗದಲ್ಲಿ, "ಗೆ" ರೂಪ ಕಟ್ಟಕಡೆಗೆ.

ಆದರೆ "ವೈಲ್" (ಏಕೆಂದರೆ), "ಡಸ್" (ಎಂದು) ಬಂದರೆ ಕ್ರಿಯಾಪದ ಕೊನೆಗೆ ಹೋಗುತ್ತದೆ: ವೈಲ್ ಇಶ್ ಇನ್ ಶ್ಟುಟ್‌ಗಾರ್ಟ್ ಅರ್ಬೈಟೆ. ಪದಗಳ ಸಾಲನ್ನು ನೋಡಿ: ನಾನು, ಶ್ಟುಟ್‌ಗಾರ್ಟ್‌ನಲ್ಲಿ, ಕೆಲಸ ಮಾಡುತ್ತೇನೆ. ಇದು ಕನ್ನಡದ ಸಾಲೇ! ಇಂಗ್ಲಿಷ್ ಮಾತ್ರ ಬಲ್ಲವರು ಇಲ್ಲಿ ಬಹಳ ಒದ್ದಾಡುತ್ತಾರೆ. ನಮಗೆ ಇದು ಹುಟ್ಟಿನಿಂದ ಬಂದ ಕ್ರಮ.

ಹೊಸ ಪದಗಳು ಬಂದಾಗ ಯಾವ ನಿಯಮ?

ಎಲ್ಲವೂ ನಿಯಮಿತ. ಗೂಗೆಲ್ನ್ (ಗೂಗಲ್ ಮಾಡು): ಇಶ್ ಗೂಗ್ಲೆ, ಡೂ ಗೂಗೆಲ್‌ಸ್ಟ್, ಇಶ್ ಹಾಬೆ ಗೆಗೂಗೆಲ್ಟ್. ನಾವು ಹೊಸ ಪದಕ್ಕೆ "ಮಾಡು" ಸೇರಿಸಿ ಮುಗಿಸುತ್ತೇವೆ. ಅವರು ನೇರವಾಗಿ ಬಾಲ ಹಚ್ಚುತ್ತಾರೆ. ಹಳೆಯ ಪದಗಳೂ ಈ ಕಡೆಗೇ ವಾಲುತ್ತಿವೆ. ಬಾಕೆನ್ (ಬ್ರೆಡ್, ಕೇಕ್ ಬೇಯಿಸು) ಪದದ ಭೂತಕಾಲ ಹಿಂದೆ "ಬೂಕ್" ಇತ್ತು. ಈಗ ಜನ "ಬಾಕ್ಟೆ" ಅನ್ನುತ್ತಾರೆ.

ಎ1 (ಮೊದಲ ಹಂತದ) ಪರೀಕ್ಷೆಗೆ ಇದರಲ್ಲಿ ಎಷ್ಟು ಬೇಕು?

ಗಂಡನೋ ಹೆಂಡತಿಯೋ ಜರ್ಮನಿಯಲ್ಲಿದ್ದು, ವೀಸಾಕ್ಕಾಗಿ ಎ1 ಬರೆಯುವವರು ಇದನ್ನು ಕೇಳುತ್ತಾರೆ. ವರ್ತಮಾನದ ರೂಪಗಳು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರಬೇಕು. ಪೆರ್ಫೆಕ್ಟ್ ಕೇಳಿದಾಗ ಅರ್ಥವಾಗಬೇಕು. ಗೋಥೆ ಇನ್‌ಸ್ಟಿಟ್ಯೂಟ್‌ನ ಎ1 ಪರೀಕ್ಷೆಯ ಮಾತಿನ ಭಾಗದಲ್ಲಿ ಮೂರು ಹಂತ: ನಿಮ್ಮ ಪರಿಚಯ, ಒಂದು ವಿಷಯದ ಮೇಲೆ ಪ್ರಶ್ನೆ–ಉತ್ತರ, ಮತ್ತು ಯಾರನ್ನಾದರೂ ಏನಾದರೂ ಮಾಡಲು ವಿನಂತಿಸುವುದು.

ಪರಿಚಯಕ್ಕೆ "ಇಶ್" ರೂಪಗಳು ಸಾಕು: ಇಶ್ ವೋನೆ ಇನ್ ಮೈಸೂರು. ಇಶ್ ಲೆರ್ನೆ ಡಾಯ್ಚ್. ಪ್ರಶ್ನೆಗೆ ಕ್ರಿಯಾಪದವನ್ನು ಮುಂದಕ್ಕೆ ತನ್ನಿ: ಶ್ಪೀಲೆನ್ ಜ಼ೀ ಕ್ರಿಕೆಟ್? ವಿನಂತಿಗೂ ಕ್ರಿಯಾಪದ ಮುಂದೆ, ಜೊತೆಗೆ "ಬಿಟೆ" (ದಯವಿಟ್ಟು): ವರ್ಟೆನ್ ಜ಼ೀ ಬಿಟೆ – ದಯವಿಟ್ಟು ಕಾಯಿರಿ. ಮಕ್ಕಳಿಗೆ, ಗೆಳೆಯರಿಗೆ ಹೇಳುವಾಗ ಬುಡ ಮಾತ್ರ: ಲೆರ್ನ್! – ಕಲಿ! ನಮ್ಮ "ಕಲಿ"ಯೂ ಬರೀ ಬುಡವೇ. ಟ್ ಇರುವ ಬುಡಕ್ಕೆ ಎ ಬೇಕು: ವರ್ಟೆ! ಗೆಳೆಯರ ಗುಂಪಿಗೆ ಈರ್ ರೂಪ, ಸರ್ವನಾಮ ಬಿಟ್ಟು: ಲೆರ್ನ್‌ಟ್! ಕನ್ನಡದ ಹಾಗೆ ಸರ್ವನಾಮ ಬಿಡಲು ಜರ್ಮನ್ ಇಲ್ಲಿ ಒಪ್ಪುತ್ತದೆ. ಜ಼ೀಗೆ ಹೇಳುವಾಗ ಮಾತ್ರ ಇಲ್ಲೂ ಬಿಡುವಂತಿಲ್ಲ.